ಮುನಿಕೃಷ್ಣಮ್ಮ ಹೇಳದೆ ಬಿಟ್ಟ ಮಾತು

ಯಲಹಂಕದ ಸರ್ಕಾರಿ ಡಿಸ್ಪೆನ್ಸರಿಯಲ್ಲಿ ಆಯಾ ಆಗಿದ್ದ ಮುನಿಕೃಷ್ಣಮ್ಮನಿಗೆ ಓದು ಬರಹ ಬರುತ್ತಿರಲಿಲ್ಲ. ಮಾತ್ರೆಗಳನ್ನು ಅವಳು ಬಣ್ಣದಿಂದ, ಗಾತ್ರದಿಂದ, ಕೆಲವನ್ನು ನಾಲಿಗೆಯ ತುದಿಗೆ ತಾಗಿಸಿ ಕಹಿಯಿಂದ ಗುರುತು ಹಿಡಿಯುತ್ತಿದ್ದಳು. ಆದರೂ ಜಕ್ಕೂರು, ಅಮೃತಹಳ್ಳಿ, ಹೆಬ್ಬಾಳದ ಕಡೆ ಯಾರ ಮನೆಯ ಮಗುವಿಗಾದರೂ ಮನಸ್ಸು ಕೆಟ್ಟು, ಪೇಟೆಯ ದೊಡ್ಡಾಸ್ಪತ್ರೆಯಿಂದ ಮಾತ್ರೆ ತಂದರೆ, ಆ ಮಾತ್ರೆ ಏನು ಮಾಡುತ್ತದೆ ಎಂದು ಮನೆಯವರು ಕೇಳುತ್ತಿದ್ದುದು ಡಾಕ್ಟರನ್ನಲ್ಲ, ಅವಳನ್ನು.

ಅವಳು ಹುಟ್ಟಿದ್ದು ಚಿಕ್ಕಬಾಣಾವರದಲ್ಲಿ. ಆಂಜಿನಪ್ಪ ಅಂತ ಅವಳಿಗೊಬ್ಬ ತಮ್ಮನಿದ್ದ. ಒಂಬತ್ತು ವರ್ಷದವನಿದ್ದಾಗ ಅವನು ಗೋಡೆಯ ಜೊತೆ ಮಾತಾಡಲು ಶುರು ಮಾಡಿದ. ಆಮೇಲೆ ಸಿಕ್ಕಿದ್ದನ್ನು ಎತ್ತಿ ಒಗೆಯತೊಡಗಿದಾಗ ಮನೆಯವರು ಹಿತ್ತಿಲ ಕೊಟ್ಟಿಗೆಯಲ್ಲಿ ಕಾಲಿಗೆ ಸರಪಳಿ ಹಾಕಿ ಕೂಡಿಹಾಕಿದರು. ಬಾಗಿಲ ಕೆಳಗಿನ ಸಂದಿಯಲ್ಲಿ ತಟ್ಟೆ ತಳ್ಳುವುದು ಅಕ್ಕನ ಕೆಲಸ. ತಟ್ಟೆ ತಳ್ಳಿದಾಗ ಒಳಗಿನಿಂದ ಎರಡು ದನಿ ಕೇಳುತ್ತಿದ್ದವಂತೆ. ಒಂದು ಕೇಳುತ್ತಿತ್ತು, ಇನ್ನೊಂದು ಜವಾಬು ಕೊಡುತ್ತಿತ್ತು. ಎರಡೂ ಅವನವೇ ಎಂದು ಗೊತ್ತಿದ್ದರೂ ಅವಳು ಒಂದು ದಿನವೂ ಬಗ್ಗಿ ನೋಡಲಿಲ್ಲ. ಹದಿನಾಲ್ಕನೇ ವಯಸ್ಸಿಗೆ ಜ್ವರ ಬಂದು ಅವನು ಅಲ್ಲೇ ತೀರಿಕೊಂಡ.

ಅದಾಗಿ ಎಷ್ಟೋ ವರ್ಷಕ್ಕೆ, 1951ರಲ್ಲಿ, ಅವಳು ಪೇಟೆಯ ದೊಡ್ಡಾಸ್ಪತ್ರೆಯಲ್ಲಿ ಹೆಂಗಸರ ವಾರ್ಡಿನ ಕೆಲಸಕ್ಕೆ ಸೇರಿದಳು. ಜನ ಅದನ್ನು ಹುಚ್ಚಾಸ್ಪತ್ರೆ ಎನ್ನುತ್ತಿದ್ದರು. ಬೆಳಗಿಂದ ಸಂಜೆವರೆಗೆ ಅಲ್ಲಿ ಕೂಗಾಟ, ಅಳು, ಹಾಡು. ಅವಳಿಗೆ ಆ ಸದ್ದು ಅಭ್ಯಾಸವಾಗಿಹೋಗಿತ್ತು. ಐದಾರು ವರ್ಷ ಕಳೆದ ಮೇಲೆ ಹೊಸ ಮಾತ್ರೆ ಬಂತು, ಕಿತ್ತಳೆ ಬಣ್ಣದ್ದು. ಒಂದು ತಿಂಗಳಲ್ಲಿ ವಾರ್ಡು ತಣ್ಣಗಾಯಿತು. ನಲವತ್ತು ಹೆಂಗಸರು ಮಂಚದ ಅಂಚಿನಲ್ಲಿ ಕೂತಿದ್ದಾರೆ, ಮುಖ ಮರದ ಬೊಂಬೆಯ ಹಾಗೆ, ರೆಪ್ಪೆ ಬಡಿಯುವುದು ಅಪರೂಪ. ಕಾಗೆ ಕಿಟಕಿಯ ಮೇಲೆ ಬಂದು ಕೂತರೆ ಅದರ ಉಗುರಿನ ಸದ್ದು ಕೇಳುತ್ತಿತ್ತು. ಕೂಗಾಟಕ್ಕೆ ಹೆದರದ ಮುನಿಕೃಷ್ಣಮ್ಮ ಆ ಮೌನಕ್ಕೆ ಹೆದರಿ ನಾಲ್ಕು ದಿನ ರಜೆ ಹಾಕಿದಳು. ವಾಪಸು ಬಂದಾಗ, ಎಂಟು ವರ್ಷದಿಂದ ಸ್ವಂತ ಹೆಸರು ಹೇಳದಿದ್ದ ಒಬ್ಬ ಹೆಂಗಸು ಅವಳನ್ನು ಹತ್ತಿರ ಕರೆದು, ನನ್ನ ಮಗಳಿಗೆ ಈಗ ಎಷ್ಟು ವರ್ಷ ಆಗಿರಬಹುದು ಎಂದು ಕೇಳಿದಳು. ಆವತ್ತಿನಿಂದ ಮುನಿಕೃಷ್ಣಮ್ಮನಿಗೆ ಆ ಮಾತ್ರೆಯ ಮೇಲೆ ಭಯವೂ ಉಳಿಯಿತು, ನಂಬಿಕೆಯೂ ಬಂತು. ನಂಬಿಕೆ ಸ್ವಲ್ಪ ಜಾಸ್ತಿಯೇ ಬಂತು.

ಗಂಡ ಮುನಿವೆಂಕಟಯ್ಯನಿಗೆ ಯಲಹಂಕದ ರೈಲ್ವೆ ಹಳಿಯ ಮೇಲೆ ಗ್ಯಾಂಗಿನ ಕೆಲಸ ಸಿಕ್ಕಿದ್ದರಿಂದ ಅವಳು 1959ರಲ್ಲಿ ಅಲ್ಲಿನ ಡಿಸ್ಪೆನ್ಸರಿಗೆ ವರ್ಗ ಮಾಡಿಸಿಕೊಂಡಳು. ಅಲ್ಲಿನ ಕಂಪೌಂಡರು ಖಾದರ್ ಬಾಷಾ, ಬಿಳಿ ಗಡ್ಡದ ಶಾಂತ ಮನುಷ್ಯ. ದೊಡ್ಡಾಸ್ಪತ್ರೆಯಲ್ಲಿ ಮಕ್ಕಳನ್ನು ನೋಡುವ ಡಾಕ್ಟರು ಮುನಿಕೃಷ್ಣಮ್ಮನನ್ನು ಮರೆತಿರಲಿಲ್ಲ. ನಿಮ್ಮ ಕಡೆಯ ಮಕ್ಕಳು ಒಂದು ಸಲ ಬಂದವರು ಮತ್ತೆ ಬರುವುದಿಲ್ಲ, ಮಾತ್ರೆ ತಗೊಳ್ಳುತ್ತಾರೋ ಬಿಡುತ್ತಾರೋ ಒಂದಿಷ್ಟು ನೋಡಿ ಬಾ ಎಂದು ಹೇಳಿ ಕಳಿಸಿದರು. ಹಾಗೆ ಅವಳ ತಿರುಗಾಟ ಶುರುವಾಯಿತು.

ಹೋಗಿ ನೋಡಿದರೆ ಒಂದೊಂದು ಮನೆಯಲ್ಲಿ ಒಂದೊಂದು ಥರ. ಯಶವಂತಪುರದ ಶಹರ್‌ಬಾನು ಎಂಬಾಕೆ, ಮಗ ವಾಜಿದ್‌ಗೆ ಮೂರ್ಛೆ ಬರದಿರಲೆಂದು ಕೊಟ್ಟ ಮಾತ್ರೆಗಳನ್ನು ತಾಯತದೊಳಗೆ ತುಂಬಿ ಅವನ ಕೊರಳಿಗೆ ಕಟ್ಟಿದ್ದಳು. ಹೆಬ್ಬಾಳದ ಒಂದು ಮನೆಯಲ್ಲಿ, ಒಬ್ಬಳಿಗೇ ಕೊಟ್ಟರೆ ಇನ್ನೊಬ್ಬಳಿಗೆ ಬೇಜಾರಾಗುತ್ತದೆಂದು ಅಕ್ಕತಂಗಿಯರಿಗೆ ಅರ್ಧರ್ಧ ಮುರಿದು ಕೊಡುತ್ತಿದ್ದರು. ಮಗು ಸರಿಹೋದ ಕೂಡಲೇ ಮಾತ್ರೆ ನಿಲ್ಲಿಸಿದವರಂತೂ ಲೆಕ್ಕವಿಲ್ಲ. ಅಂಥವರಿಗೆ ಅವಳು, ಈ ಸಲ ಕೆರೆ ಕೋಡಿ ಬೀಳಲಿಲ್ಲ ಅಂತ ಯಾರಾದರೂ ಏರಿ ಅಗೆದು ಹಾಕುತ್ತಾರಾ ಎಂದು ಕೇಳುತ್ತಿದ್ದಳು. ಹಳ್ಳಿಯವರಿಗೆ ಅದು ಅರ್ಥವಾಗುತ್ತಿತ್ತು.

ಅಮೃತಹಳ್ಳಿಯ ಮುನಿರಾಮಯ್ಯನ ಮನೆಗೆ ಅವಳು ಮೊದಲು ಹೋದದ್ದು 1963ರ ಜನವರಿಯಲ್ಲಿ. ದ್ರಾಕ್ಷಿ ತೋಟದ ಮನೆ. ಮುನಿರಾಮಯ್ಯನ ಕೈಗಳು ಬಳ್ಳಿಗೆ ಹೊಡೆಯುವ ಮೈಲುತುತ್ತದಿಂದ ಯಾವಾಗಲೂ ನೀಲಿಯಾಗಿರುತ್ತಿದ್ದವು. ಹೆಂಡತಿ ಮಾರಕ್ಕ, ತಾಯಿ ಬೈರಮ್ಮ, ಒಬ್ಬಳೇ ಮಗಳು ಮುನಿಯಲ್ಲಮ್ಮ. ಅವಳನ್ನು ಯಲ್ಲಿ ಅನ್ನುತ್ತಿದ್ದರು. ಹನ್ನೆರಡು ವರ್ಷ.

ಯಲ್ಲಿಯ ಕಾಯಿಲೆ ಶುರುವಾದದ್ದು ಹಿಂದಿನ ಬೇಸಿಗೆಯಲ್ಲಿ. ಮಟಮಟ ಮಧ್ಯಾಹ್ನ ಎಲ್ಲರೂ ಉಂಡು ಮಲಗಿದ ಹೊತ್ತಿನಲ್ಲಿ ಅವಳು ತೋಟದ ಮೆಟ್ಟಿಲು ಬಾವಿಯ ಬಳಿ ಹೋಗಿ ಕೂತು ಮಾತಾಡುತ್ತಿದ್ದಳು. ಮಕ್ಕಳು ಒಬ್ಬೊಬ್ಬರೇ ಮಾತಾಡಿಕೊಳ್ಳುವುದು ಹೊಸದೇನಲ್ಲ. ಆದರೆ ಯಲ್ಲಿ ಒಂದು ಮಾತು ಆಡಿ ಸುಮ್ಮನಾಗುತ್ತಿದ್ದಳು, ತಲೆ ವಾಲಿಸಿ ಕೇಳಿಸಿಕೊಳ್ಳುತ್ತಿದ್ದಳು, ಆಮೇಲೆ ನಗುತ್ತಿದ್ದಳು. ಯಾರೋ ನಿಜವಾಗಿ ನಗುವ ಮಾತು ಹೇಳಿದರೆ ಬರುವಂಥ ನಗು. ಕಳೆ ಕೀಳಲು ಬಂದ ಹೆಂಗಸರು ಅದನ್ನು ಕಂಡು ಆ ಕಡೆಯ ಸಾಲಿಗೆ ಹೋಗುವುದನ್ನೇ ಬಿಟ್ಟರು. ಯಾರ ಜೊತೆ ಮಾತಾಡುತ್ತೀಯೆ ಎಂದರೆ, ಒಬ್ಳು ಬರ್ತಾಳೆ ಎನ್ನುತ್ತಿದ್ದಳು. ಹೆಸರು ಕೇಳಿದರೆ ಹೇಳುತ್ತಿರಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಆ ‘ಒಬ್ಬಳು’ ಊಟ ಬೇಡ ಅನ್ನತೊಡಗಿದಳು, ಅಮ್ಮನ ಕೈ ಮುಟ್ಟಬೇಡ ಅನ್ನತೊಡಗಿದಳು. ಅಕ್ಟೋಬರಿನಲ್ಲಿ ಒಂದು ಮಧ್ಯಾಹ್ನ ಮಾರಕ್ಕ ಹುಡುಕಿಕೊಂಡು ಹೋದರೆ, ಯಲ್ಲಿ ಬಾವಿಯ ಮೆಟ್ಟಿಲಲ್ಲಿ ಕುತ್ತಿಗೆಮಟ್ಟದ ನೀರಿನಲ್ಲಿ ನಿಂತಿದ್ದಳು. ಲಂಗ ನೀರಿನ ಮೇಲೆ ಅರಳಿಕೊಂಡಿತ್ತು. ಕೆಳಗಿನ ಮೆಟ್ಟಿಲಿಗೆ ಕಾಲಿಡಲು ಅವಳು ಯಾರದೋ ಅಪ್ಪಣೆಗೆ ಕಾಯುತ್ತಿರುವಂತೆ ಕಂಡಿತಂತೆ.

ದೊಡ್ಡಾಸ್ಪತ್ರೆಯಲ್ಲಿ ಎರಡು ತಿಂಗಳು ಇಟ್ಟುಕೊಂಡು, ಕಿತ್ತಳೆ ಬಣ್ಣದ ಮಾತ್ರೆ ಕೊಟ್ಟು, ಒಂದು ಚೀಟಿ ಬರೆದು ಮನೆಗೆ ಕಳಿಸಿದ್ದರು. ಮುನಿಕೃಷ್ಣಮ್ಮ ಹೋದ ದಿನ ಯಲ್ಲಿ ಜಗಲಿಯ ಮೇಲೆ ಸುಮ್ಮನೆ ಕೂತಿದ್ದಳು. ಮಾರಕ್ಕ ಕಾಫಿ ಕೊಟ್ಟು, ಎದುರಿಗೆ ಕೂತು, ನೇರವಾಗಿ ಒಂದೇ ಮಾತು ಕೇಳಿದಳು.

“ಈ ಮಾತ್ರೆಯಿಂದ ಮಗೀಗೆ ಏನೂ ಆಗಲ್ವೇನಕ್ಕಾ?”

ಮುನಿಕೃಷ್ಣಮ್ಮನಿಗೆ ಎಲ್ಲ ಗೊತ್ತಿತ್ತು. ಮುಖ ಮರಗಟ್ಟುವುದು ಗೊತ್ತಿತ್ತು, ಕೈಕಾಲು ಬಿಗಿಯುವುದು ಗೊತ್ತಿತ್ತು. ಅಪರೂಪಕ್ಕೆ ಒಬ್ಬೊಬ್ಬರಿಗೆ ಕುತ್ತಿಗೆ ತಿರುಚಿಕೊಳ್ಳುವುದನ್ನೂ ಕಣ್ಣಾರೆ ಕಂಡಿದ್ದಳು. ಹೇಳಿದರೆ ಇವರು ಇವತ್ತೇ ಮಾತ್ರೆಯನ್ನು ತಿಪ್ಪೆಗೆ ಹಾಕುತ್ತಾರೆ, ಹುಡುಗಿ ಮತ್ತೆ ಬಾವಿಗೆ ಇಳಿಯುತ್ತಾಳೆ ಎಂದು ಅವಳಿಗನ್ನಿಸಿತು.

“ಏನೂ ಆಗಲ್ಲ ಕಣವ್ವ. ಧೈರ್ಯವಾಗಿ ಕೊಡು,” ಅಂದಳು.

ಮಾರಕ್ಕ ಕೊಟ್ಟಳು. ಬಾವಿಯ ಕಡೆಯ ಮಾತು ನಿಂತಿತು. ಯಲ್ಲಿ ಉಂಡಳು, ಮಲಗಿದಳು. ಆದರೆ ಎರಡು ಮೂರು ವಾರದಲ್ಲಿ ಮನೆಯೊಳಗೆ ಬೇರೊಂದು ಹೆದರಿಕೆ ಬಂದು ಸೇರಿತು. ಹುಡುಗಿ ನಡೆಯುವಾಗ ಕೈ ಬೀಸುತ್ತಿರಲಿಲ್ಲ. ಮುಂಚೆ ಅವಳ ಕಾಲ್ಗೆಜ್ಜೆ ಝಲ್ ಝಲ್ ಎನ್ನುತ್ತಿತ್ತು, ಈಗ ಪಾದ ನೆಲ ಬಿಟ್ಟು ಏಳದೆ ಸರ್ರನೆ ಎಳೆದ ಸದ್ದು ಬರುತ್ತಿತ್ತು. ನಿಲ್ಲಿಸಿದ ಕಡೆ ನಿಲ್ಲುತ್ತಿದ್ದಳು. ತಮಾಷೆ ಮಾಡಿದರೆ, “ನಗು ಬರ್ತೈತೆ” ಎಂದು ಬಾಯಲ್ಲಿ ಹೇಳುತ್ತಿದ್ದಳು, ಮುಖ ಮಾತ್ರ ಅಲ್ಲಾಡುತ್ತಿರಲಿಲ್ಲ. ಮುದುಕಿ ಬೈರಮ್ಮ ಹಗಲೆಲ್ಲ ಮೊಮ್ಮಗಳನ್ನು ನೋಡುತ್ತ ಕೂತಿದ್ದು, ಒಂದು ದಿನ ಮಗನನ್ನು ಕರೆದು ಪಿಸುಗುಟ್ಟಿದಳು. ನಮ್ಮ ಮಗು ಆಸ್ಪತ್ರೆಯಿಂದ ವಾಪಸು ಬಂದಿಲ್ಲ ಕಣೋ, ಬಾವಿಯಲ್ಲಿದ್ದೋಳು ಇವಳ ಚರ್ಮ ತೊಟ್ಕೊಂಡು ಬಂದವ್ಳೆ.

ಮಾರಕ್ಕ ಅತ್ತೆಯ ಮಾತನ್ನು ಬೈದು ತಳ್ಳಿಹಾಕಿದಳು. ಆದರೆ ರೊಟ್ಟಿ ತಟ್ಟುವಾಗ ಬೆನ್ನ ಹಿಂದೆ ಆ ಸರ್ರನೆಯ ಸದ್ದು ಬಂದರೆ ಅವಳ ಕೈ ನಿಂತುಬಿಡುತ್ತಿತ್ತು. ಹೆತ್ತ ಮಗಳನ್ನು ತಿರುಗಿ ನೋಡಲು ಹೆದರುತ್ತಿದ್ದೇನಲ್ಲಾ ಎಂದು ಅವಳಿಗೆ ನಾಚಿಕೆ. ಮಾತ್ರೆಯಿಂದ ಹೀಗಾಗಿರಬಹುದೇ ಎಂದು ಒಮ್ಮೆ ಹೊಳೆಯಿತಂತೆ. ಆದರೆ ಆಯಮ್ಮ ಏನೂ ಆಗುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದ್ದಳಲ್ಲ. ಹಾಗಾದರೆ ಇದು ಮಾತ್ರೆಯದಲ್ಲ, ಅತ್ತೆ ಹೇಳುವುದೇ ಸರಿ ಇರಬೇಕು. ಅವಳು ಯಾರಿಗೂ ಹೇಳದೆ ನಾಲ್ಕು ದಿನ ಮಾತ್ರೆ ನಿಲ್ಲಿಸಿದಳು. ಐದನೇ ದಿನ ಬೆಳಿಗ್ಗೆ ಯಲ್ಲಿ ಬಾವಿಯ ಕಡೆ ಮುಖ ಮಾಡಿ ನಿಂತು, ತಲೆ ವಾಲಿಸಿದಳು. ಮಾರಕ್ಕ ಒಳಕ್ಕೆ ಓಡಿದಳು. ತಪ್ಪಿದ ನಾಲ್ಕು ದಿನದ ಮಾತ್ರೆಗಳನ್ನೆಲ್ಲ ಒಟ್ಟಿಗೆ ಹಿಟ್ಟಿನ ಮುದ್ದೆಯಲ್ಲಿಟ್ಟು ನುಂಗಿಸಿಬಿಟ್ಟಳು. ಹಾಗೆ ಮಾಡಬಾರದು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮುನಿರಾಮಯ್ಯ ಸೈಕಲ್ಲು ತುಳಿದುಕೊಂಡು ಡಿಸ್ಪೆನ್ಸರಿಯ ಮುಂದೆ ಬಂದು ಇಳಿದ. ತನ್ನ ನೀಲಿ ಕೈಯಿಂದ ಕುತ್ತಿಗೆ ಹಿಂದಕ್ಕೆ ತಿರುಚಿ ತೋರಿಸಿದ. ಮುನಿಕೃಷ್ಣಮ್ಮನಿಗೆ ಅಷ್ಟೇ ಸಾಕಾಯಿತು. ಡಾಕ್ಟರು ಬೆಳಗಿನ ಪಾಳಿ ಮುಗಿಸಿ ಹೋಗಿಯಾಗಿತ್ತು. ಆಸ್ಪತ್ರೆಯವರು ಕೊಟ್ಟ ಚೀಟಿ ಇದೆಯಾ ಎಂದು ಖಾದರ್ ಬಾಷಾ ಕೇಳಿದರು. ಮುನಿರಾಮಯ್ಯ ಆ ಚೀಟಿಯನ್ನು ಅಂಗಿಯ ಜೇಬಿನಲ್ಲೇ ತಂದಿದ್ದ. ಬಾಷಾ ಅದನ್ನು ಮಗುಚಿ, ಹಿಂದುಗಡೆ ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿದರು. ಕುತ್ತಿಗೆ ತಿರುಚಿಕೊಂಡರೆ ಇಂಥ ಇಂಜೆಕ್ಷನ್ನು ಇಷ್ಟು ಕೊಡುವುದು, ಮಾತ್ರೆ ತಪ್ಪಿದರೆ ಸೇರಿಸಿ ಕೊಡಬಾರದು ಎಂದು ಅದರಲ್ಲಿತ್ತು. ಆವತ್ತಿನವರೆಗೆ ಆ ಚೀಟಿ ಅವರ ಮನೆಯ ದೇವರ ಪಟದ ಹಿಂದೆಯೇ ಇತ್ತು. ಓದುವವರಿರಲಿಲ್ಲ. ಬಾಷಾ ಸಿರಿಂಜು ಕುದಿಸಿ, ಔಷಧಿಯ ಸೀಸೆ ಚೀಲಕ್ಕೆ ಹಾಕಿಕೊಂಡು ತಮ್ಮ ಸೈಕಲ್ಲು ಹತ್ತಿದರು. ಮುನಿಕೃಷ್ಣಮ್ಮ ಮುನಿರಾಮಯ್ಯನ ಸೈಕಲ್ಲಿನ ಹಿಂದೆ ಕೂತಳು.

ತೋಟದ ಮನೆಯಲ್ಲಿ ಹತ್ತು ಹದಿನೈದು ಜನ ಸೇರಿದ್ದರೂ ಉಸಿರಾಡುವ ಸದ್ದೂ ಇರಲಿಲ್ಲ. ನಡುಮನೆಯ ಕಂಬಕ್ಕೆ ಯಲ್ಲಿಯನ್ನು ಒರಗಿಸಿದ್ದರು. ಕುತ್ತಿಗೆ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಗದ್ದ ಸೂರಿನ ಕಡೆ ಎದ್ದಿತ್ತು. ನಾಲಿಗೆ ಹೊರಗೆ ಬಂದಿತ್ತು. ಕಣ್ಣುಗುಡ್ಡೆಗಳು ಮೇಲಕ್ಕೆ ಹೋಗಿ ಅಲ್ಲೇ ನಿಂತಿದ್ದವು, ಹೆಂಚಿನ ಸಂದಿಯ ಕತ್ತಲಲ್ಲಿ ಯಾರನ್ನೋ ದಿಟ್ಟಿಸುವ ಹಾಗೆ. ಬಂದವರೆಲ್ಲ ಮೊದಲು ಅವಳನ್ನು ನೋಡಿ, ಆಮೇಲೆ ಅವಳು ನೋಡುವ ಕಡೆ ತಲೆ ಎತ್ತುತ್ತಿದ್ದರು. ಮುನಿಕೃಷ್ಣಮ್ಮನೂ ಎತ್ತಿದಳು. ಅಲ್ಲಿ ಜಂತೆ, ಜೇಡರ ಬಲೆ, ಕತ್ತಲೆ. ಏನೂ ಇರಲಿಲ್ಲ. ಆದರೂ ಕಣ್ಣು ಕೆಳಗಿಳಿಸಲು ಅವಳಿಗೆ ಒಂದು ಗಳಿಗೆ ಆಗಲಿಲ್ಲ. ಇಷ್ಟು ವರ್ಷ ವಾರ್ಡಿನಲ್ಲಿದ್ದ ತನಗೇ ಹೀಗಾದರೆ ಈ ಮುದುಕಿಗೆ ಹೇಗಾಗಿರಬೇಡ ಎಂದುಕೊಂಡಳಂತೆ.

ಒಲೆಯ ಪಕ್ಕ ಒಬ್ಬ ಮುದುಕ ಬೇವಿನ ಸೊಪ್ಪು ಹರವಿಕೊಂಡು, ಕೆಂಡದಲ್ಲಿ ಕುಡುಗೋಲು ಕಾಯಿಸುತ್ತಿದ್ದ. ಬೈರಮ್ಮ ಕರೆಸಿದ್ದಳು. ಹಣೆಗೆ ಬರೆ ಎಳೆದರೆ ಗಾಳಿ ಇಳಿಯುತ್ತದೆ ಎಂದು ಅವನ ಲೆಕ್ಕ. ಮುನಿಕೃಷ್ಣಮ್ಮ ಹೋಗಿ ಅವನಿಗೂ ಹುಡುಗಿಗೂ ನಡುವೆ ಕೂತಳು.

“ಇದು ಗಾಳಿಯಲ್ಲ. ಮಾತ್ರೆ ಮಾಡಿರೋದು. ಇಂಗಾಗಬಹುದು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಾನೇ ಹೇಳಲಿಲ್ಲ.”

ಮಾರಕ್ಕ ಅವಳನ್ನು ನೋಡಿದ ನೋಟವನ್ನು ಮುನಿಕೃಷ್ಣಮ್ಮ ಆಮೇಲೆ ಯಾರ ಹತ್ತಿರವೂ ಬಣ್ಣಿಸಲಿಲ್ಲ. ಬೈರಮ್ಮ ಕುಡುಗೋಲಿನ ಮುದುಕನಿಗೆ ಸ್ವಲ್ಪ ತಡಿ ಎಂದು ಕೈ ಮಾಡಿದಳು. ಖಾದರ್ ಬಾಷಾ ಬಿಸ್ಮಿಲ್ಲಾ ಎಂದು ಹುಡುಗಿಯ ತೋಳಿಗೆ ಸೂಜಿ ಹಾಕಿದರು. ಆಮೇಲೆ ಕಾಯುವುದಷ್ಟೇ ಉಳಿಯಿತು. ಹೊರಗೆ ಬಿಸಿಲು, ದ್ರಾಕ್ಷಿ ಚಪ್ಪರದ ಮೇಲೆ ಗಾಳಿಯೇ ಇಲ್ಲ. ಕುಡುಗೋಲು ಕೆಂಪಾಗಿ, ಮತ್ತೆ ಕಪ್ಪಾಯಿತು. ಇಪ್ಪತ್ತು ನಿಮಿಷ ಕಳೆದಿರಬಹುದು, ಯಲ್ಲಿಯ ಕುತ್ತಿಗೆ ಒಂದು ಗೇಣು ಇಳಿಯಿತು. ಯಾರೋ ಹಿಂದಿನಿಂದ ಹಿಡಿದಿದ್ದ ಜಡೆಯನ್ನು ಮೆಲ್ಲಗೆ ಸಡಿಲ ಬಿಟ್ಟ ಹಾಗೆ. ಆಮೇಲೆ ಕಣ್ಣು ಇಳಿಯಿತು. ಎಲ್ಲಕ್ಕಿಂತ ಕೊನೆಗೆ ನಾಲಿಗೆ ಒಳಗೆ ಹೋಯಿತು. ಹುಡುಗಿ ಸುತ್ತ ನೋಡಿ, ಅಮ್ಮನನ್ನು ಹುಡುಕಿದಳು.

“ನಾನು ಕೂಗ್ತಾನೇ ಇದ್ದೆ ಕಣಮ್ಮಾ. ನೀವೆಲ್ಲಾ ಮ್ಯಾಕೆ ನೋಡ್ತಿದ್ರಿ, ನನ್ನ ನೋಡಲೇ ಇಲ್ಲ.”

ಮಾರಕ್ಕ ಮಗಳನ್ನು ತಬ್ಬಿಕೊಂಡು ಅತ್ತಳು. ಕುಡುಗೋಲಿನ ಮುದುಕ ಸೊಪ್ಪು ಬಿಟ್ಟು ಎದ್ದು ಹೋದ.

ಮುನಿರಾಮಯ್ಯ ಮಾತ್ರೆಯ ಡಬ್ಬಿ ತಂದು ಮುನಿಕೃಷ್ಣಮ್ಮನ ಮುಂದೆ ಇಟ್ಟ. ಇನ್ನು ಇದು ನಮ್ಮ ಮನೆಯಲ್ಲಿ ಬೇಡ ಎಂದ. ಅವಳು ಡಬ್ಬಿ ಮುಟ್ಟಲಿಲ್ಲ, ವಾದವನ್ನೂ ಮಾಡಲಿಲ್ಲ. ಬಾಷಾ ಸಾಹೇಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಚೀಟಿಯ ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿಸಿದಳು. ಆಮೇಲೆ ಚೀಟಿಯಲ್ಲಿ ಇಲ್ಲದ್ದನ್ನು ತಾನು ಹೇಳಿದಳು. ಮುಖ ಮರಗಟ್ಟುವುದು ಹುಡುಗಿಯೊಳಗಿನ ನಗು ಸತ್ತದ್ದರಿಂದಲ್ಲ, ಮುಖದ ನರ ಬಿಗಿದದ್ದರಿಂದ. ಬಾಯಿ ಒಣಗುತ್ತದೆ. ಬಿಸಿಲಿಗೆ ಹೋದರೆ ಚರ್ಮ ಸುಡುತ್ತದೆ, ತಲೆಗೆ ಬಟ್ಟೆ ಹಾಕಬೇಕು. ಮೈ ಬಿಗಿದರೆ ಅದಕ್ಕೆ ಬೇರೊಂದು ಚಿಕ್ಕ ಮಾತ್ರೆ ಇದೆ, ಪ್ರಮಾಣ ಕಡಿಮೆ ಮಾಡಲೂ ಬರುತ್ತದೆ. ಅದನ್ನು ಡಾಕ್ಟರು ಮಾಡಬೇಕು, ನಾವು ನೀವಲ್ಲ. ತಟ್ಟನೆ ನಿಲ್ಲಿಸಿದರೆ ಬಾವಿಯವಳು ಬರಬಹುದು. ನಿಲ್ಲಿಸದೇ ಇದ್ದರೂ ಬರುವುದೇ ಇಲ್ಲ ಎಂದು ನಾನು ಆಣೆ ಇಡಲಾರೆ.

“ಕೊಡೋದು ಬಿಡೋದು ನಿಮಗೆ ಬಿಟ್ಟಿದ್ದು,” ಅಂದಳು ಕೊನೆಗೆ. “ಕೊಟ್ಟರೂ ತಿಳ್ಕೊಂಡು ಕೊಡಿ, ಬಿಟ್ಟರೂ ತಿಳ್ಕೊಂಡು ಬಿಡಿ.”

ಅಷ್ಟು ಹೊತ್ತೂ ಗೋಡೆಗೆ ಒರಗಿ ಕೇಳುತ್ತಿದ್ದ ಬೈರಮ್ಮ ಆಗ ಬಾಯಿ ತೆರೆದಳು. ಹಾಗಾದರೆ ಬಾವಿಯ ಹತ್ತಿರ ಯಾರೂ ಇರಲೇ ಇಲ್ಲವಾ ಎಂದು ಕೇಳಿದಳು. ಹಿಂದಿನ ಮುನಿಕೃಷ್ಣಮ್ಮನಾಗಿದ್ದರೆ ಇಲ್ಲ ಎಂದುಬಿಡುತ್ತಿದ್ದಳು. ಆವತ್ತು, ನಿಮಗೆ ನನಗೆ ಕಾಣುವಂಥವರು ಯಾರೂ ಇರಲಿಲ್ಲ, ಆದರೆ ಮಗುವಿಗೆ ಕೇಳಿಸಿದ್ದು ಸುಳ್ಳಲ್ಲ, ಕಾಯಿಲೆಯೇ ಆ ದನಿ ಹುಟ್ಟಿಸುತ್ತದೆ ಎಂದಳು. ಮುದುಕಿ ಎದ್ದು ಹೋಗಿ ಮೊಮ್ಮಗಳ ಕೆನ್ನೆ ಮುಟ್ಟಿ ನೋಡಿದಳು. ತಿಂಗಳ ಮೇಲೆ ಆವತ್ತೇ ಅವಳು ಆ ಮಗುವನ್ನು ಮುಟ್ಟಿದ್ದು.

ಮರುದಿನ ಗಂಡ ಹೆಂಡತಿ ಯಲ್ಲಿಯನ್ನು ಕರೆದುಕೊಂಡು ದೊಡ್ಡಾಸ್ಪತ್ರೆಗೆ ಹೋದರು. ಮುನಿಕೃಷ್ಣಮ್ಮನೂ ಹೋದಳು. ಡಾಕ್ಟರು ಪ್ರಮಾಣ ಇಳಿಸಿ, ಚಿಕ್ಕ ಮಾತ್ರೆ ಸೇರಿಸಿದರು. ತಾನು ಸುಳ್ಳು ಹೇಳಿದ್ದನ್ನು ಅವಳು ಡಾಕ್ಟರ ಎದುರಿಗೂ ಹೇಳಿದಳು. ಅವರು ಬೈಯಲಿಲ್ಲ. ಚೀಟಿಯನ್ನು ಇಂಗ್ಲಿಷಿನಲ್ಲಿ ಬರೆದು ಕೈಗಿಟ್ಟು ಕಳಿಸಿದ್ದು ನನ್ನ ತಪ್ಪು ಎಂದರಂತೆ. ಅಲ್ಲಿಂದ ಮುಂದೆ ಆ ಕಡೆಯ ಮಕ್ಕಳ ಚೀಟಿಗಳು ಕನ್ನಡದಲ್ಲಿ ಬರತೊಡಗಿದವು.

ಯಲ್ಲಿಯ ಮುಖಕ್ಕೆ ನಗು ಬರಲು ಎರಡು ತಿಂಗಳು ಹಿಡಿಯಿತು, ಅದೂ ಅರೆಬರೆ. ಒಂದು ಸಲ ಮುನಿಕೃಷ್ಣಮ್ಮ ನೋಡಲು ಹೋದಾಗ ಇಬ್ಬರೂ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಆ ಬಾವಿಯವಳು ಈಗ ಬರುತ್ತಾಳಾ ಎಂದು ಮುನಿಕೃಷ್ಣಮ್ಮ ಕೇಳಿದಳು. ಬಾಗಿಲ ಸಂದಿಯಿಂದ ತಟ್ಟೆ ತಳ್ಳಿದ ಕೈಗೆ ಈ ಮಾತು ಕೇಳಲು ಮೂವತ್ತು ವರ್ಷ ಬೇಕಾಗಿತ್ತು. ಯಲ್ಲಿ ಕಾಯಿ ಬಿಡಿಸುತ್ತಲೇ ಹೇಳಿದಳು. ಒಂದೊಂದು ದಿನ ಬರುತ್ತಾಳೆ, ಬಾವಿಯ ಆಚೆ ದಡದಲ್ಲಿ ನಿಲ್ಲುತ್ತಾಳೆ, ಬಾಯಿ ಆಡುತ್ತದೆ, ಏನು ಹೇಳುತ್ತಾಳೋ ಕೇಳಿಸುವುದಿಲ್ಲ. ಭಯವಾಗುತ್ತದಾ ಎಂದರೆ ಇಲ್ಲ ಎಂದಳು. ಪಾಪ, ಅವಳ ಮಾತು ಕೇಳೋಕೆ ಇನ್ಯಾರೂ ಇಲ್ವಲ್ಲ ಆಯಮ್ಮಾ ಅನ್ನಿಸುತ್ತೆ, ಅಂದಳು. ಮುನಿಕೃಷ್ಣಮ್ಮನಿಗೆ ಮೈ ಜುಮ್ಮೆಂದಿತು. ಆದರೂ ಎದ್ದು ಹೋಗಲಿಲ್ಲ. ಮೊರದಲ್ಲಿದ್ದ ಕಾಯಿ ಮುಗಿಯುವವರೆಗೆ ಕೂತಿದ್ದಳು.

ಎಲ್ಲವನ್ನೂ ಮುಂಚೆಯೇ ಹೇಳಿಬಿಡುವುದರಿಂದ ಅವಳಿಗೆ ನಷ್ಟವೂ ಆಯಿತು. ಜಕ್ಕೂರಿನ ಒಬ್ಬ ತಂದೆ ಎಲ್ಲ ಕೇಳಿಸಿಕೊಂಡು, ಇಂಥ ವಿಷ ನನ್ನ ಮಗಳಿಗೆ ಬೇಡ ಎಂದು ಕೈಮುಗಿದು ಕಳಿಸಿದ. ಆ ಹುಡುಗಿ ಆ ವರ್ಷವೇ ಮನೆ ಬಿಟ್ಟು ಹೋದವಳು ಸಿಗಲಿಲ್ಲ. ಸುಳ್ಳು ಹೇಳಿದ್ದರೆ ಉಳಿಯುತ್ತಿದ್ದಳೇನೋ ಎಂದು ಮುನಿಕೃಷ್ಣಮ್ಮ ಬಹಳ ದಿನ ಊಟ ಸೇರದೆ ಇದ್ದಳು. ಗಂಡ ಸಮಾಧಾನ ಹೇಳಿದ, ಬಾಷಾ ಸಾಹೇಬರು ಹೇಳಿದರು. ಅವಳು ಇಬ್ಬರ ಮಾತನ್ನೂ ಒಪ್ಪಲಿಲ್ಲ, ಆದರೆ ಸುಳ್ಳಿಗೂ ಮರಳಲಿಲ್ಲ. ಮುಂದಿನ ಮನೆಗಳಲ್ಲಿ, ಬೇಡ ಎಂದವರ ಬಾಗಿಲಿಗೆ ಎರಡನೇ ಸಲವೂ ಮೂರನೇ ಸಲವೂ ಹೋಗತೊಡಗಿದಳು.

1968ರ ಹೊತ್ತಿಗೆ ಅವಳ ಮಂಡಿ ಹಿಡಿದುಕೊಂಡಿತು. ಹಳ್ಳಿ ತಿರುಗಲು ಜೊತೆಗೆ ಒಬ್ಬರು ಬೇಕಾದರು. ಯಲ್ಲಿ ಆಗ ಹದಿನೇಳು ಹದಿನೆಂಟರವಳು. ಮಾತ್ರೆ ಇನ್ನೂ ನುಂಗುತ್ತಿದ್ದಳು, ದಿನಕ್ಕೆ ಒಂದು. ಕನ್ನಡ ಓದಲು ಕಲಿತಿದ್ದಳು. ಎರಡು ವರ್ಷದ ಹಿಂದೆ ಒಂದು ಸಲ ಕಾಯಿಲೆ ತಿರುಗಿ ಬಂದು ಮೂರು ವಾರ ಆಸ್ಪತ್ರೆಯಲ್ಲಿ ಇದ್ದು ಬಂದಿದ್ದಳು. ತಾನೇ ಬರುತ್ತೇನೆಂದು ಹೊರಟಳು. ಬೈರಮ್ಮ ಬೇಡ ಎಂದಳು, ಮಾರಕ್ಕ ಹೋಗಲಿ ಬಿಡಿ ಎಂದಳು.

ಅವರಿಬ್ಬರೂ ಮೊದಲು ಹೋದದ್ದು ಹೆಬ್ಬಾಳದ ಕೆರೆಯ ಹಿಂದಿನ ಒಂದು ಮನೆಗೆ. ಅಲ್ಲಿನ ಗೋಪಾಲಮ್ಮ ಎಂಬ ಹೆಂಗಸು ಹತ್ತು ವರ್ಷದ ಮಗಳನ್ನು ಕೋಣೆಯಲ್ಲಿಟ್ಟು ಚಿಲಕ ಹಾಕಿದ್ದಳು. ಒಳಗಿನಿಂದ ಗೊಣಗುಟ್ಟುವ ಸದ್ದು ಒಂದೇ ಸಮನೆ ಬರುತ್ತಿತ್ತು. ಆಸ್ಪತ್ರೆಯ ಚೀಟಿಯನ್ನು ಯಲ್ಲಿ ಓದಿದಳು, ಮುನಿಕೃಷ್ಣಮ್ಮ ಮಾತ್ರೆ ಮಾಡುವ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಿ ಮುಗಿಸಿದಳು. ಗೋಪಾಲಮ್ಮ ಅದನ್ನೆಲ್ಲ ಕೇಳಿ, ಯಲ್ಲಿಯ ಕಡೆ ತಿರುಗಿದಳು.

“ನೀನು ನುಂಗ್ತೀಯಂತಲ್ಲ ತಾಯಿ. ಅದು ಒಳಗೆ ಹೋದ ಮ್ಯಾಲೆ ಹೆಂಗಿರ್ತದೆ?”

ಇಷ್ಟು ವರ್ಷದಲ್ಲಿ ಯಾರೂ ಮುನಿಕೃಷ್ಣಮ್ಮನನ್ನು ಆ ಪ್ರಶ್ನೆ ಕೇಳಿರಲಿಲ್ಲ. ಅವಳು ಅದನ್ನು ನುಂಗಿದವಳಲ್ಲ. ಯಲ್ಲಿ ಕೋಣೆಯ ಬಾಗಿಲ ಕಡೆ ನೋಡುತ್ತ ಹೇಳಿದಳು.

“ನೆಂಟರೆಲ್ಲಾ ಎದ್ದು ಹೋದ ಮ್ಯಾಲೆ ಮನೆ ಇರ್ತದಲ್ಲ, ಅಂಗೆ. ಮೊದಲು ಬಣಬಣ ಅಂತದೆ, ಭಯ ಆಗ್ತದೆ. ಒಂದೆರಡು ದಿನ ಕಳೆದರೆ ನಮ್ಮ ಉಸಿರು ನಮಗೇ ಕೇಳಿಸ್ತದೆ.”

ಗೋಪಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಎದ್ದಳು. ಚೀಟಿಯಲ್ಲಿ ಬರೆದದ್ದನ್ನು ಇನ್ನೊಂದು ಸಲ ನಿಧಾನವಾಗಿ ಓದಿ ಹೇಳಮ್ಮ ಎಂದು ಯಲ್ಲಿಗೆ ಹೇಳಿ, ಹೋಗಿ ಕೋಣೆಯ ಚಿಲಕ ತೆಗೆದಳು.